ಕುಂಕುಮ ಹಚ್ಚಿದ ರೆಕ್ಕೆಗಳು

ಅವತ್ತು ಚುರುಚುರು ಬಿಸಿಲಿತ್ತು ಎಂದು ಬರೆಯಲು ಹೊರಟಿದ್ದೆ. ಬರೆಯುವ ಮುಂಚೆ ಫೋನಿನಲ್ಲಿ ಉಳಿದಿರುವ ವಿಡಿಯೊ ಹಾಕಿ ನೋಡಿದೆ. ಮೋಡ. ಶುರುವಿನಿಂದ ಕೊನೆಯವರೆಗೂ ಮೋಡ. ಬಂಡೆಯ ಮೇಲೆ ಒಂದು ನೆರಳೂ ಇಲ್ಲ. ಹಾಗಾದರೆ ದೊಡ್ಡಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿರುವ ಚಿತ್ರ ನನ್ನ ತಲೆಗೆ ಎಲ್ಲಿಂದ ಬಂತು? ಹೆಂಡತಿಯನ್ನು ಕೇಳಿದೆ.

"ಅವರು ಕೈ ಅಡ್ಡ ಹಿಡಿದಿದ್ದು ಬಿಸಿಲಿಗಲ್ಲ ರೀ. ನಿಮ್ಮ ಡ್ರೋನ್ ಎಲ್ಲಿ ತಲೆ ಮೇಲೆ ಬೀಳುತ್ತೋ ಅಂತ."

ಅದೂ ಇರಬಹುದು. ಆದ್ದರಿಂದ ಇಲ್ಲಿ ನಾನು ಹೇಳುವ ಬಿಸಿಲು, ಬಣ್ಣ ಯಾವುದನ್ನೂ ಪೂರ್ತಿ ನಂಬಬೇಕಾಗಿಲ್ಲ. ರೆಕ್ಕೆಗಳನ್ನು ನಂಬಬಹುದು. ಅವು ಈಗ ನನ್ನ ಮೇಜಿನ ಮೇಲೇ ಇವೆ, ಬುಡದಲ್ಲಿ ಒಂಚೂರು ಕೆಂಪು ಇನ್ನೂ ಅಂಟಿಕೊಂಡಿದೆ.

ಡ್ರೋನ್ ಅಂದರೆ ದೊಡ್ಡದೇನಲ್ಲ. ಅಂಗೈ ಅಗಲಿಸಿದರೆ ಅದರ ಮೇಲೆ ಕೂರುವಂಥದ್ದು. ನಾಲ್ಕು ಕೈ, ಒಂದೊಂದು ಕೈಯ ತುದಿಗೆ ಒಂದು ಪುಟ್ಟ ಮೋಟರು, ಮೋಟರಿನ ನೆತ್ತಿಗೆ ಪ್ಲಾಸ್ಟಿಕ್ಕಿನ ಪ್ರೊಪೆಲ್ಲರು. ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ರೆಕ್ಕೆ ಎನ್ನುತ್ತಾರೆ. ಗೌರಿಬಿದನೂರಿನಲ್ಲಿ ಶಾಲೆ ಮುಗಿಸಿ ಬಂದು ಸಂಜೆ ಮಾಳಿಗೆ ಮೇಲೆ ನಿಂತು ಅದನ್ನು ಹಾರಿಸುವುದು ನನ್ನ ಚಟ. ಮೇಷ್ಟ್ರಿಗೆ ಇದು ತಕ್ಕದ್ದಲ್ಲ ಎಂದು ಬೀದಿಯಲ್ಲಿ ಅಭಿಪ್ರಾಯವಿದೆ. ಒಂದು ಸಂಜೆ ಅದು ಎದುರುಮನೆಯ ಹುಣಸೆಮರಕ್ಕೆ ನುಗ್ಗಿ ನಾಲ್ಕು ರೆಕ್ಕೆಗಳನ್ನೂ ಕಚ್ಚಿಸಿಕೊಂಡು ಬಂತು. ಸೀಳು ಬಿಟ್ಟ ರೆಕ್ಕೆಯಲ್ಲಿ ಹಾರಿಸಿದರೆ ಇಡೀ ಡ್ರೋನ್ ಚಳಿಜ್ವರ ಬಂದವರಂತೆ ನಡುಗುತ್ತದೆ. ಹಾಗೇ ಕಪಾಟಿನ ಮೇಲಿಟ್ಟು ಸುಮ್ಮನಾಗಿದ್ದೆ. ದೊಡ್ಡಮ್ಮನ ಫೋನು ಬರದಿದ್ದರೆ ಅದು ಇನ್ನೂ ಅಲ್ಲೇ ಇರುತ್ತಿತ್ತು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಶಿಡ್ಲಘಟ್ಟದ ಆಚೆ, ಸಾದಲಿ ಕಡೆಯ ಒಂದು ಊರಿನಲ್ಲಿ ಹುಟ್ಟಿ, ಅದೇ ಊರಿನ ಹಿಂದಿನ ಬೀದಿಗೆ ಮದುವೆಯಾಗಿ, ಇವತ್ತಿಗೂ ರೇಷ್ಮೆಹುಳ ಸಾಕುತ್ತಾಳೆ. ಅವಳ ತಮ್ಮ, ನನ್ನ ಮಾವ, ಅದೇ ಊರಲ್ಲಿ ಎರಡು ಬೀದಿ ಆಚೆಗೆ. ಊರ ಬೆನ್ನಿಗೆ ಆನೆ ಮಲಗಿದಂಥ ಒಂದು ಬಂಡೆ. ಅದರ ನೆತ್ತಿಯ ಮೇಲೆ ಮಳೆನೀರು ನಿಂತ ಒಂದು ದೊಣೆಯಿದೆ, ಚಿಕ್ಕವಳಿದ್ದಾಗ ಅಲ್ಲಿ ಹತ್ತಿ ಹೋಗಿ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ ಎಂದು ದೊಡ್ಡಮ್ಮ ಹೇಳುತ್ತಿದ್ದಳು. ನಾವೆಲ್ಲ ಆ ದೊಣೆ ಕೇಳಿಕೊಂಡು ಬೆಳೆದವರು. ಆದರೆ ನೋಡಿದವರು ಯಾರೂ ಇಲ್ಲ. ನಾವು ಹುಟ್ಟುವ ಮೊದಲೇ ಕಲ್ಲು ಒಡೆಯುವವರು ಬಂಡೆಯ ಒಂದು ಮಗ್ಗುಲನ್ನು ಸೀಳಿ ತೆಗೆದಿದ್ದರು, ಹತ್ತುವ ದಾರಿ ಅದರ ಜೊತೆಗೇ ಹೋಗಿತ್ತು. ದೊಡ್ಡಮ್ಮ ಕತೆ ಶುರುಮಾಡಿದಾಗಲೆಲ್ಲ ಮಾವ ಎಲ್ಲಿಂದಲೋ ಬಂದು ಅಡ್ಡ ಬಾಯಿ ಹಾಕುತ್ತಿದ್ದ.

"ಎಲ್ಲಿಯ ದೊಣೆ? ನಾನೂ ಇದೇ ಊರಲ್ಲಿ ಹುಟ್ಟಿದೋನೇ. ಅಕ್ಕಂಗೆ ಕನಸು ಬಿದ್ದಿತ್ತು, ಬಿಡ್ರಿ."

ದಸರಾ ರಜೆಗೆ ಮುಂಚೆ ದೊಡ್ಡಮ್ಮ ಹಬ್ಬಕ್ಕೆ ಕರೆಯಲು ಫೋನು ಮಾಡಿದ್ದಳು. ಮಾತಿಗೆ ಮಾತು ಬಂದು ನಾನು ದೊಣೆ ಎಂದೆ. "ಈಚೆಗೆ ನಂಗೂ ಗೊತ್ತಾಗ್ತಿಲ್ಲ ಕಣಪ್ಪ," ಅಂದಳು. "ನಾನೇ ಕಟ್ಕೊಂಡಿದ್ದ ಕತೆನೇನೋ. ಅವನು ಅಷ್ಟು ಗಟ್ಟಿಯಾಗಿ ಇಲ್ಲ ಅಂತಾನಲ್ಲ. ಈಗ ಯಾರ ಮುಂದೇನೂ ಹೇಳಾದು ಬಿಟ್ಬಿಟ್ಟಿದೀನಿ."

ನೆನಪುಗಳ ವಿಷಯದಲ್ಲಿ ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ, ನನ್ನವನ್ನಂತೂ ಅಲ್ಲವೇ ಅಲ್ಲ. ಆದರೆ ಇದೊಂದು ಸುಳ್ಳಾಗಬಾರದು ಅನ್ನಿಸಿತು. ಕಪಾಟಿನ ಮೇಲಿಂದ ಡ್ರೋನ್ ಇಳಿಸಿ ಧೂಳು ಒರೆಸಿದೆ.

ಹೊಸ ರೆಕ್ಕೆ ಚಿಕ್ಕಬಳ್ಳಾಪುರದಲ್ಲಿ ಸಿಗಲಿಲ್ಲ. ಚಿಂತಾಮಣಿಯಲ್ಲಿ ಒಂದು ಅಂಗಡಿಯಲ್ಲಿದೆ ಎಂದು ಯಾರೋ ಹೇಳಿದರು. ಊರಿಗೆ ಹೋಗುವ ದಾರಿ ಬಿಟ್ಟು ಅಷ್ಟು ದೂರ ಸುತ್ತುವುದಕ್ಕೆ ಹೆಂಡತಿ ಗೊಣಗಿದಳು, ಸಂತೆಯಲ್ಲಿ ಟೊಮೇಟೊ ಅಗ್ಗಕ್ಕೆ ಸಿಕ್ಕಿದ ಮೇಲೆ ಗೊಣಗುವುದು ನಿಲ್ಲಿಸಿದಳು. ಮೊಬೈಲ್ ಕವರು, ಆಟದ ಕಾರು ಮಾರುವ ಅಂಗಡಿ ಅದು. ಅಂಗಡಿಯವನು ನಾಲ್ಕು ರೆಕ್ಕೆಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ.

"ಸಾರ್, ನಾಲ್ಕೂ ಒಂದೇ ತರ ಕಾಣ್ತಾವೆ, ಒಂದೇ ಅಲ್ಲ. ಎರಡು ಈ ಕಡೆ ತಿರುಗ್ತಾವೆ, ಎರಡು ಆ ಕಡೆ ತಿರುಗ್ತಾವೆ. ಇಲ್ನೋಡಿ, ಎರಡಕ್ಕೆ ಕೆಂಪು ಚುಕ್ಕೆ ಇದೆ. ನಿಮ್ಮ ಡ್ರೋನಲ್ಲೂ ಎರಡು ಕೈಗೆ ಕೆಂಪು ಚುಕ್ಕೆ ಇರುತ್ತೆ. ಚುಕ್ಕೆದು ಚುಕ್ಕೆಗೆ, ಬೋಳುದು ಬೋಳಿಗೆ. ತಪ್ಪಿದ್ರೆ ತಲಕಿಂದುಲು ಆಗೋಗುತ್ತೆ!" ಎನ್ನುತ್ತಾ ಅಂಗೈ ಮಗುಚಿ ತೋರಿಸಿದ.

ಇಷ್ಟು ಸುಲಭವಾದದ್ದನ್ನು ಮರೆಯುತ್ತೇನೆಯೇ? ಮರೆಯಲಿಲ್ಲ. ನನಗೆ ಗೊತ್ತಿಲ್ಲದೆ ಬೇರೊಂದು ಆಯಿತು.

ಆ ಸಂಜೆ ದೊಡ್ಡಮ್ಮನ ಊರು ಸೇರಿದೆವು. ಮಾರನೆಯ ದಿನ ಆಯುಧಪೂಜೆ. ನಾನು ತೋಟದ ಕಡೆ ಹೋಗಿ ಬರುವಷ್ಟರಲ್ಲಿ ದೊಡ್ಡಮ್ಮ ಪೂಜೆ ಮುಗಿಸಿದ್ದಳು. ಸೊಪ್ಪು ಕೊಯ್ಯುವ ಕುಡುಗೋಲು, ಔಷಧಿ ಹೊಡೆಯುವ ಸ್ಪ್ರೇಯರು, ಪಂಪ್‌ಸೆಟ್ಟಿನ ಸ್ಪ್ಯಾನರು, ಪಕ್ಕದಲ್ಲಿ ನನ್ನ ಡ್ರೋನ್, ಅದರ ಮುಂದೆ ಬಾಳೆಲೆಯ ಮೇಲೆ ಹೊಸ ರೆಕ್ಕೆಗಳು. ಎಲ್ಲಕ್ಕೂ ಅರಿಶಿನ, ಅದರ ಮೇಲೆ ನೀರಲ್ಲಿ ಕಲಸಿದ ಕುಂಕುಮ. ಒಂದು ಸೇವಂತಿಗೆ ಹೂವು ಡ್ರೋನಿನ ಕ್ಯಾಮೆರಾ ಕಣ್ಣಿನ ಮೇಲೆ.

"ಹೊಸದಲ್ವಾ, ಹಂಗೇ ಹಾರಿಸಬಾರದು," ಅಂದಳು. "ಇವತ್ತು ಆಯುಧ ಮುಟ್ಟಂಗಿಲ್ಲ. ನಾಳೆ ತೆಗಿಯೋವಂತೆ."

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಕಿ, ಪೇಪರು ಹರಡಿ ಕೂತೆ. ಅಕ್ಕಿಕಾಳಿಗಿಂತ ಚಿಕ್ಕ ತಿರುಪುಗಳನ್ನು ಬಿಚ್ಚಿ ಹಳೆ ರೆಕ್ಕೆ ತೆಗೆದೆ. ಮಾವ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಬಂದು ಕೂತ.

"ಏನಳಿಯ, ದೊಣೆ ಹುಡುಕಕ್ಕೆ ವಿಮಾನ ರೆಡಿ ಮಾಡ್ತಿದೀಯಂತೆ?"

"ನೋಡೋಣ ಮಾವ."

"ನೋಡೋದೇನು? ಅಲ್ಲಿ ದೊಣೆ ಇದ್ರೆ ಈ ಬೆಳೆ ಪೂರ್ತಿ ಅಕ್ಕನ ಹುಳಕ್ಕೆ ಸೊಪ್ಪು ನಾನೇ ಹಾಕ್ತೀನಿ."

ಒಳಗಿನಿಂದ ದೊಡ್ಡಮ್ಮನ ದನಿ: "ನಾಲ್ಕನೇ ಜ್ವರ ಎದ್ದಿರೋ ಹುಳ ಕಣೋ, ಯೋಚ್ನೆ ಮಾಡಿ ಮಾತಾಡು."

ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಬಿಟ್ಟು ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳದ ಮನೆಯಿಂದ ಅದು ತಿನ್ನುವ ಸದ್ದು ತುಂತುರು ಮಳೆಯ ಹಾಗೆ ಅಂಗಳಕ್ಕೂ ಕೇಳುತ್ತಿತ್ತು.

ಕೆಂಪು ಚುಕ್ಕೆಯ ರೆಕ್ಕೆ ಯಾವುದು ಎಂದು ನೋಡಿದೆ. ನಾಲ್ಕಕ್ಕೂ ಇತ್ತು. ಕೆಂಪು ಚುಕ್ಕೆಯ ಕೈ ಯಾವುದು? ನಾಲ್ಕಕ್ಕೂ ಇತ್ತು. ದೊಡ್ಡಮ್ಮ ಯಾರಿಗೂ ಭೇದ ಮಾಡಿರಲಿಲ್ಲ. ಕುಂಕುಮ ಒರೆಸಿದರೆ ಕಂಪನಿಯ ಚುಕ್ಕೆ ಉಳಿಯುತ್ತದೆ ಎಂದು ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಕಂಪನಿಯವರದ್ದು ಕುಂಕುಮಕ್ಕಿಂತ ಹಗುರವಾದ ಬಣ್ಣ. ಎರಡೂ ಒಟ್ಟಿಗೆ ಹೋದವು. ಉಳಿದದ್ದು ನಾಲ್ಕು ಬೋಳು ರೆಕ್ಕೆ, ನಾಲ್ಕು ಬೋಳು ಕೈ, ಸಂದಿಗಳಲ್ಲಿ ಮಾತ್ರ ಅಷ್ಟಷ್ಟು ಕೆಂಪು.

ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಾನೇನಾದ್ರೂ ಕೆಡಿಸಿದ್ನಾ?"

"ಇಲ್ಲ ದೊಡ್ಡಮ್ಮ," ಎಂದು ಅಂದಾಜಿನ ಮೇಲೆ ರೆಕ್ಕೆಗಳನ್ನು ಕೂರಿಸಿ ಹಾರಿಸಿದೆ. ಡ್ರೋನ್ ಒಂದು ಮೊಳವೂ ಏಳಲಿಲ್ಲ. ಒಂದು ಮಗ್ಗುಲು ಮೇಲೆದ್ದು, ಇನ್ನೊಂದು ಮಗ್ಗುಲು ನೆಲಕ್ಕೇ ಒತ್ತಿ, ಲಾಗ ಹೊಡೆದು, ಕೊಯ್ದು ತಂದಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಯೊಳಕ್ಕೆ ತಲೆಕೆಳಗಾಗಿ ಹೂತುಕೊಂಡಿತು.

ಮಾವನಿಗೆ ಕಾಫಿ ನೆತ್ತಿಗೇರಿತು. "ಅಕ್ಕಾ, ಬಾರಕ್ಕಾ! ನಿನ್ನ ದೊಣೆ ಸೊಪ್ಪಿನ ರಾಶಿಯೊಳಗಿದೆಯಂತೆ!"

ದೊಡ್ಡಮ್ಮನೂ ನಕ್ಕಳು. ಆದರೆ ನಕ್ಕು ಒಳಗೆ ಹೋಗಲು ತಿರುಗಿದಳು. ಅದು ನನಗೆ ಸರಿ ಕಾಣಲಿಲ್ಲ.

ಸೊಪ್ಪು ಮೆತ್ತಗಿದ್ದದ್ದರಿಂದ ರೆಕ್ಕೆಗೆ ಏನೂ ಆಗಿರಲಿಲ್ಲ. ಆಗ ಹೆಂಡತಿ, "ನಾಲ್ಕೂ ಗಾಳೀನ ಕೆಳಗೇ ತಳ್ಳಬೇಕಲ್ವಾ? ಯಾವುದು ಮೇಲಕ್ಕೆ ಊದುತ್ತೋ ಅದು ತಪ್ಪು. ಅಷ್ಟೇ ತಾನೆ?" ಅಂದಳು. (ಇದು ತನ್ನ ಉಪಾಯವೆಂದು ಅವಳೂ, ನನ್ನದೆಂದು ನಾನೂ ಬಹಳ ದಿನ ಹೇಳಿಕೊಂಡು ತಿರುಗಿದ್ದೇವೆ. ಬರೆಯುವಾಗ ಅವಳು ಪಕ್ಕದಲ್ಲೇ ಇರುವುದರಿಂದ ಅವಳದ್ದು.) ಬುಟ್ಟಿಯೊಂದನ್ನು ಬೋರಲು ಹಾಕಿ, ನಾಲ್ಕು ಕೈಗಳೂ ಅಂಚಿನಿಂದ ಆಚೆ ಚಾಚುವ ಹಾಗೆ ಡ್ರೋನ್ ಇಟ್ಟು, ನಾನು ಅದನ್ನು ಅದುಮಿ ಹಿಡಿದು ಮೋಟರನ್ನು ಮೆಲ್ಲಗೆ ತಿರುಗಿಸಿದೆ.

"ಹುಳದ ಮನೆ ಕಡೆ ಧೂಳು ಎಬ್ಬಿಸಬೇಡ್ರಪ್ಪಾ!" ಎಂದು ಕೂಗುತ್ತಾ ದೊಡ್ಡಮ್ಮ ಮತ್ತೆ ಈಚೆ ಬಂದಳು. ಬುಟ್ಟಿಯನ್ನು ಹಿತ್ತಲಿಗೆ ಸಾಗಿಸಿದೆವು. ಹೆಂಡತಿ ಒಂದೊಂದು ರೆಕ್ಕೆಯ ಅಡಿಗೂ ಬಹಳ ತಗ್ಗಿನಲ್ಲಿ ಅಂಗೈ ಹಿಡಿದಳು.

"ಇದ್ರಲ್ಲಿ ಗಾಳಿ ಬರ್ತಿದೆ. ಇದು ಬರ್ತಿಲ್ಲ. ಇದೂ ಇಲ್ಲ. ಇದು ಬರ್ತಿದೆ."

ಗಾಳಿ ಬಾರದ ಎರಡನ್ನು ಬಿಚ್ಚಿ ಅದಲುಬದಲು ಮಾಡಿದೆ. ಈ ಸಲ ನಾಲ್ಕರ ಕೆಳಗೂ ತಣ್ಣಗೆ ಗಾಳಿ. ದೊಡ್ಡಮ್ಮ ತಾನೂ ಕೈ ಹಿಡಿದು ನೋಡಿದಳು, ಕೈ ತೆಗೆಯಲು ಮನಸ್ಸಾಗದೆ ಹಾಗೇ ಹಿಡಿದಿದ್ದಳು. ಆಗಿನ ಅವಳ ಮುಖ ನೆನಪಿದೆ ಎನ್ನಲು ಧೈರ್ಯವಿಲ್ಲ. ನಾನು ತಿರುಪು ನೋಡುತ್ತಿದ್ದೆ.

ಮಾವ ಜಗಲಿ ಬಿಟ್ಟು ಎದ್ದು ಬಂದಿದ್ದ. "ಇವತ್ತು ಗಾಳಿ ಜಾಸ್ತಿ ಕಣೋ. ನಾಳೆ ನೋಡಣ."

ಹಿತ್ತಲ ನುಗ್ಗೆಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಡ್ರೋನ್ ಸಲೀಸಾಗಿ ಎದ್ದಿತು. ಮಾಳಿಗೆ ದಾಟಿತು, ನೀರಿನ ಟ್ಯಾಂಕ್ ದಾಟಿತು. ನಾವು ಮೂವರೂ ನನ್ನ ಫೋನಿನ ಮೇಲೆ ಬಗ್ಗಿದೆವು. ಮಾವ ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಕಲ್ಲು ಸೀಳಿದ ಬಿಳೀ ಗೋಡೆ ಕಾಣಿಸಿತು, ಆಮೇಲೆ ಕಪ್ಪು ಬೆನ್ನು, ಕುರುಚಲು ಹುಲ್ಲು, ಆಮೇಲೆ ನೆತ್ತಿ.

ನೀರು. ಒಂದಲ್ಲ, ಮೂರು ಕುಳಿಗಳಲ್ಲಿ ನೀರು.

"ದೊಡ್ಡಮ್ಮ, ಇದೆ! ಇದೆ!" ಎಂದು ನಾನೇ ಜಾಸ್ತಿ ಕುಣಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು, ಮತ್ತೆ ನೋಡಿದಳು. ಮುಖ ಅರಳಲಿಲ್ಲ.

"ನಂದು ಒಂದೇ ಇತ್ತಲ್ಲಪ್ಪಾ," ಅಂದಳು ಮೆಲ್ಲಗೆ. "ದೊಡ್ಡದು. ಇವು ಯಾವೋ ಮಳೆನೀರು ನಿಂತಿರೋ ಗುಂಡಿಗಳು. ನಂದು ಇವಲ್ಲ. ಬಿಡು, ಅವನು ಹೇಳಿದ್ದೇ ನಿಜ."

ದೂರದಲ್ಲಿದ್ದ ಮಾವ ಯಾವಾಗ ನಮ್ಮ ಹಿಂದೆ ಬಂದನೋ ಗೊತ್ತಿಲ್ಲ. ನನ್ನ ಹೆಗಲ ಮೇಲಿಂದ ಬೆರಳು ಚಾಚಿದ.

"ಮಧ್ಯದ್ದು ಕಣಕ್ಕ. ಅದು ಗುಂಡಿನಾ? ಕತ್ತಿನ ಮಟ್ಟ ಬರುತ್ತೆ ನೀರು."

ಫೋನಿನಲ್ಲಿ ನೀರಿನ ಮೇಲುಮೈ ಕಾಣುತ್ತದೆ. ಆಳ ಕಾಣುವುದಿಲ್ಲ. ಅದು ನಮಗೆಲ್ಲ ಒಟ್ಟಿಗೇ ಹೊಳೆಯಿತು. ದೊಡ್ಡಮ್ಮ ನಿಧಾನವಾಗಿ ತಿರುಗಿದಳು.

"ಯಾರ ಕತ್ತಿನ ಮಟ್ಟ ಕಣೋ?"

ಮಾವ ಚಾಚಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

"ಯಾರ ಕತ್ತು?"

"ನಂದೇ. ಇನ್ಯಾರ್ದು? ಬಿದ್ದಿದ್ದು ನಾನಲ್ವಾ? ನೀನೇ ತಾನೆ ಜುಟ್ಟು ಹಿಡಿದು ಎಳೆದಿದ್ದು!" ಇಷ್ಟು ವರ್ಷ ಅದುಮಿದ್ದು ಒಂದೇ ಸಲಕ್ಕೆ ಹೊರಬಿತ್ತು. ಅಕ್ಕನ ಹಿಂದೆ ತಾನೂ ಹತ್ತಿದ್ದು, ಕಾಲು ಜಾರಿ ದೊಣೆಗೆ ಬಿದ್ದದ್ದು, ಒಣಗಲೆಂದು ಬಂಡೆಯ ಮೇಲೆ ಹಾಕಿದ್ದ ಚಡ್ಡಿ ಗಾಳಿಗೆ ಹಾರಿಹೋದದ್ದು. "ಆಮೇಲೆ ನಿನ್ನ ಲಂಗ ಉಡಿಸಿ ಊರ ಮಧ್ಯದಲ್ಲಿ ಕರ್ಕೊಂಡು ಬಂದ್ಯಲ್ಲ! ನೀನು ದೊಣೆ ಅಂತ ಬಾಯಿ ಬಿಟ್ಟಾಗೆಲ್ಲ ನಂಗೆ ಎದೆ ಧಸಕ್ ಅಂತಿತ್ತು, ಇನ್ನೇನು ಲಂಗದ ವಿಷ್ಯ ಬರುತ್ತೆ ಅಂತ."

"ಯಾವ ಲಂಗನೋ?" ಅಂದಳು ದೊಡ್ಡಮ್ಮ.

"ಯಾವ ಲಂಗ ಅಂದ್ರೆ?"

"ನಂಗೆ ಲಂಗದ್ದು ನೆನಪೇ ಇಲ್ವಲ್ಲೋ. ನೀನು ಬಂದಿದ್ದೇ ನೆನಪಿಲ್ಲ."

ಮಾವ ಅವಳ ಮುಖವನ್ನೇ ನೋಡಿದ. ಅಷ್ಟು ವರ್ಷ ಕಾವಲು ಕೂತದ್ದು ಖಾಲಿ ಮನೆಗೆ ಎಂದು ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮೊದಲು ನಕ್ಕದ್ದು ಯಾರು? ಹೆಂಡತಿ ಎಂದು ನಾನು, ದೊಡ್ಡಮ್ಮ ಎಂದು ಹೆಂಡತಿ. ವಿಡಿಯೊ ಏನೂ ಹೇಳುವುದಿಲ್ಲ. ಅದರಲ್ಲಿ ಬರೀ ನೀರಿದೆ, ದನಿಯಿಲ್ಲ. ದೊಡ್ಡಮ್ಮ ನಕ್ಕು ನಕ್ಕು ನುಗ್ಗೆಮರ ಹಿಡಿದುಕೊಂಡಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಥೂ ನಿನ್ನ! ನಾನು ನನ್ನ ತಲೆನೇ ಕೆಟ್ಟಿದೆ ಅನ್ಕೊಂಡಿದ್ದೆ ಕಣೋ," ಅಂದಳು.

"ನಿಂಗೇ ಅನುಮಾನ ಬಂದಿತ್ತಾ?" ಮಾವನ ದನಿ ಇಳಿಯಿತು. "ಅಕ್ಕ, ನೀನು ನಂಬ್ತೀಯ ಅಂತ ನಾನು ಅನ್ಕೊಂಡಿರಲಿಲ್ಲ."

ಅಷ್ಟರಲ್ಲಿ ಬ್ಯಾಟರಿ ಮುಗಿಯಿತೆಂದು ಫೋನು ಕುಂಯ್ಗುಟ್ಟತೊಡಗಿತು. ನಮ್ಮ ಮಾತಿನಲ್ಲಿ ಡ್ರೋನನ್ನು ಬಂಡೆಯ ಮೇಲೇ ಬಿಟ್ಟಿದ್ದೆವು. ತಾನಾಗಿಯೇ ಹೊರಟು ಬರುತ್ತಿದ್ದ ಡ್ರೋನ್ ದೊಡ್ಡಮ್ಮನ ತಲೆಯ ಮೇಲೆ ಕಾಣಿಸಿಕೊಂಡಿತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ್ದು ಆಗಲೇ ಇರಬೇಕು.

ಸಂಜೆ ಮಾವ ಸೊಪ್ಪಿನ ಹೊರೆ ಹೊತ್ತು ಹುಳದ ಮನೆಗೆ ಬಂದ. ಯಾರೂ ಜ್ಞಾಪಿಸಿರಲಿಲ್ಲ. ನಾನು ಅಂಗಳದಲ್ಲಿ ರೆಕ್ಕೆಯ ತಿರುಪುಗಳನ್ನು ಇನ್ನೊಮ್ಮೆ ಬಿಗಿ ಮಾಡುತ್ತಿದ್ದೆ. ಜಗಲಿಯ ಮೇಲೆ ದೊಡ್ಡಮ್ಮ ಪಕ್ಕದ ಮನೆಯವಳನ್ನು ಕೂರಿಸಿಕೊಂಡು ಶುರುಮಾಡಿದ್ದಳು. ಬಹಳ ದಿನದ ಮೇಲೆ ಅದೇ ಹಳೆಯ ದನಿ. ಬೆಳಿಗ್ಗೆಯಷ್ಟೇ ಕೇಳಿಸಿಕೊಂಡ ಭಾಗವನ್ನೂ ಹುಟ್ಟಿನಿಂದ ಗೊತ್ತಿದ್ದವಳಂತೆ ಹೇಳುತ್ತಿದ್ದಳು.

"ಒಂದಲ್ಲ ಕಣೇ, ಮೂರು ದೊಣೆ. ಮಧ್ಯದ್ದಕ್ಕೆ ಇವನು ಬಿದ್ದ. ನಾನೇ ಜುಟ್ಟು ಹಿಡಿದು ಎತ್ತಿದೆ. ಆಮೇಲೆ ನನ್ನ ಹಸಿರು ಲಂಗ ಉಡಿಸಿ, ಜರಿ ಅಂಚಿಂದು..."

ಹುಳದ ಮನೆಯ ಕತ್ತಲಿನಿಂದ, ಸೊಪ್ಪು ಹರಡುವ ಸದ್ದಿನ ನಡುವೆ ಮಾವ ಕೂಗಿದ.

"ಹಸಿರಲ್ಲ ಅಕ್ಕಾ, ನೀಲಿ! ಜರಿನೂ ಇರ್ಲಿಲ್ಲ!"