ನಡೆದರೆ ದಮ್ಮು ಹತ್ತುತ್ತದೆ

ಭಾಲ್ಕಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಮದುವೆಯಾಗಿ ಬಂದಾಗಿನಿಂದ ಜೋಳ ಬೀಸುವ ಕೆಲಸ ನನ್ನದೇ. ಐವತ್ತು ದಾಟಿದ ಮೇಲೆ ಬಂದ ಕೆಮ್ಮು, ಏದುಸಿರಿನ ದಮ್ಮು ಹೋಗಲೇ ಇಲ್ಲ. ಒಲೆಯ ಹೊಗೆ, ಗಿರಣಿಯ ಧೂಳು ಸೇರಿ ಶ್ವಾಸಕೋಶ ಕೆಡಿಸಿವೆ, ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ ಎಂದರು ಬೀದರಿನ ಡಾಕ್ಟರು.

ನನ್ನ ತವರು ಔರಾದ್ ಕಡೆಯ ಎಕಂಬಾ. ಅಲ್ಲಿ ನನ್ನ ಅವ್ವ ಇದೇ ದಮ್ಮಿನಿಂದ ಸತ್ತದ್ದನ್ನು ಕಣ್ಣಾರೆ ಕಂಡಿದ್ದೆ. ಹೊಲದಿಂದ ನಡೆದು ಬಂದವಳು ಕಟ್ಟೆಯ ಮೇಲೆ ಕುಸಿದು, ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದ್ದಳು. ಹಾಗಾಗಿ ನಾನು ನಡೆಯುವುದನ್ನೇ ಬಿಡುತ್ತ ಬಂದೆ. ಮೊದಲು ಸಂತೆ ಬಿಟ್ಟೆ, ಆಮೇಲೆ ಗುಡಿ. ಕೊನೆಗೆ ಸ್ನಾನಕ್ಕೂ ಹೆದರಿಕೆ. ತಲೆಯ ಮೇಲೆ ನೀರು ಬಿದ್ದರೆ ಉಸಿರು ಕಟ್ಟುತ್ತಿತ್ತು. ಯಜಮಾನರು ಬಚ್ಚಲ ಹೊರಗೆ ನಿಂತು ಮಾತಾಡಿಸುತ್ತಲೇ ಇರಬೇಕಿತ್ತು.

ಔಷಧಿಯೊಂದೇ ಸಾಲದು, ಬೀದರಿನ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಬೇಕು ಎಂದು ಡಾಕ್ಟರು ಹೇಳಿದಾಗ, ಇವರು ನನ್ನನ್ನು ಕೊಲ್ಲುತ್ತಾರೆ ಅಂದುಕೊಂಡೆ.

ಅಲ್ಲಿ ವ್ಯಾಯಾಮ ಮಾಡಿಸುವವಳು ನನ್ನ ಮಗಳ ವಯಸ್ಸಿನವಳು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಸಿಕ್ಕಿಸಿ ವರಾಂಡದಲ್ಲಿ ನಡೆಯಲು ಹೇಳಿದಳು. ನನ್ನ ಜೊತೆಗೆ ಜನವಾಡದ ಅಜ್ಜ ಒಬ್ಬರಿದ್ದರು, ಕುರಿ ಕಾಯ್ದು ಬದುಕಿದವರು. ಅರ್ಧ ದಾರಿಗೇ, ತಿರುವಿನಲ್ಲಿ, ನನ್ನ ಎದೆ ಬಿಗಿಯಿತು, ಮೈ ಬೆವರಿತು. ಗೋಡೆ ಹಿಡಿದು, ಸಾಯುತ್ತೇನೆ ಎಂದೆ.

“ಇಲ್ರಿ ಅಮ್ಮಾ. ದಮ್ಮ ಹತ್ತೂದು ಬ್ಯಾರಿ, ಸಾಯೂದು ಬ್ಯಾರಿ,” ಎಂದಳು.

ಮೇಜಿನ ಮೇಲೆ ಮೊಣಕೈಯೂರಿಸಿ ಮುಂದಕ್ಕೆ ಬಾಗಿಸಿದಳು. ಮೂಗಿನಿಂದ ಉಸಿರೆಳೆಸಿ, ಸೀಟಿ ಹೊಡೆಯುವಂತೆ ತುಟಿ ಮಾಡಿಸಿ ನಿಧಾನಕ್ಕೆ ಬಿಡಿಸಿದಳು. ಉಸಿರು ಮರಳಿತು, ಹೆದರಿಕೆ ಮಾತ್ರ ಹೋಗಲಿಲ್ಲ.

ಕೆಲವು ವಾರಗಳ ನಂತರ ಅಜ್ಜ ಬರಲಿಲ್ಲ. ಕೇಳಿದರೆ, ಜ್ವರ ಬಂದು ದಾಖಲಾಗಿದ್ದರು, ತೀರಿಹೋದರು ಎಂಬ ಸುದ್ದಿ. ನಾನು ಬೆಂಚು ಬಿಟ್ಟು ಏಳಲಿಲ್ಲ. ಯಜಮಾನರೂ ಮನೆಗೆ ಹೋಗೋಣ ಎಂದರು. ಆ ಹುಡುಗಿ ಒತ್ತಾಯ ಮಾಡದೆ ಪಕ್ಕದಲ್ಲಿ ಕುಳಿತಳು. ಅಜ್ಜನಿಗೆ ಆದದ್ದು ನ್ಯುಮೋನಿಯಾ, ನಡೆದದ್ದರಿಂದ ಏನೂ ಆಗಿಲ್ಲ ಎಂದಳು.

“ನನಗೂ ಹಂಗ ಆಗಂಗಿಲ್ಲಂತ ಹ್ಯಾಂಗ ಹೇಳ್ತಿ?” ಎಂದೆ.

ಅವಳು ಹೇಳಿದಳು: “ಅದು ನನಗ ಗೊತ್ತಿಲ್ರಿ. ಆದ್ರ ಕೂತಲ್ಲೇ ಕೂತ್ರ ಕಾಲಾಗಿನ ಶಕ್ತಿ ಹೋಗ್ತದ. ಆಮ್ಯಾಲ ನಾಕ್ ಹೆಜ್ಜಿಗೂ ದಮ್ಮ ಹತ್ತತದ. ಅಷ್ಟು ಗೊತ್ತದ.”

ಸುಳ್ಳು ಧೈರ್ಯ ಹೇಳಿದ್ದರೆ ಬಹುಶಃ ನಾನು ಬಸ್ಸು ಹತ್ತಿಬಿಡುತ್ತಿದ್ದೆ. ಎದ್ದು ವರಾಂಡದಲ್ಲಿ ನಡೆದೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಪಕ್ಕದ ಮನೆಯವರು ಮೆಣಸಿನಕಾಯಿ ಹುರಿದರು. ಘಾಟು ಬಡಿದು ಉಸಿರು ಸಿಕ್ಕಿಕೊಂಡಿತು. ಕೂಗಲು ದನಿ ಇಲ್ಲ. ಅವ್ವನ ತೆರೆದ ಬಾಯಿ ಕಣ್ಣ ಮುಂದೆ ಬಂತು. ಹೇಗೋ ಹಿತ್ತಲಿಗೆ ಬಂದು, ಕಟ್ಟೆಗೆ ಕೈಯೂರಿ ಬಾಗಿ, ತುಟಿ ಸಣ್ಣಗೆ ಮಾಡಿ ಉಸಿರು ಬಿಟ್ಟೆ. ಮತ್ತೆ ಎಳೆದೆ, ಮತ್ತೆ ಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಎದೆ ಸಡಿಲಾಯಿತು.

ಮರುದಿನ ಬೀದರಿಗೆ ಹೋಗುವ ದಿನ. ಹೋಗಲು ಮನಸ್ಸಿರಲಿಲ್ಲ, ಆದರೂ ಹೋದೆ. ವರಾಂಡದ ತಿರುವಿನಲ್ಲಿ ಈಗಲೂ ಹೆದರಿಕೆ ಆಗುತ್ತದೆ. ಸ್ವಲ್ಪ ನಿಂತು, ಮುಂದೆ ನಡೆಯುತ್ತೇನೆ.