ಕೈಕೊಟ್ಟ ಕೈ

ಊರಿನವರೆಲ್ಲ ಅವನನ್ನು ಟೆಸ್ಟರ್ ಅಣ್ಣ ಎನ್ನುತ್ತಿದ್ದರು. ನಲವತ್ತು ವರ್ಷ ಮನೆಗಳ ವೈರಿಂಗ್ ಮಾಡಿದ ಆಸಾಮಿ ಒಂದು ದಿನವೂ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡವನಲ್ಲ. ಬೆರಳಿನ ಹಿಂಬದಿಯನ್ನು ಫ್ರಿಜ್ಜಿಗೋ ಮೋಟಾರಿಗೋ ಮೆಲ್ಲಗೆ ತಾಗಿಸಿ, "ಏನೂ ಇಲ್ಲ, ನಿಶ್ಚಿಂತೆಯಾಗಿರಿ" ಎಂದರೆ ಮುಗಿಯಿತು. ಅದು ಹುಚ್ಚು ಧೈರ್ಯ. ಜನರಿಗೆ ಧೈರ್ಯ ಕಂಡಿತೇ ಹೊರತು ಹುಚ್ಚು ಕಾಣಲಿಲ್ಲ.

ಅವನ ತಂಗಿ ಆಂಬುಲೆನ್ಸ್ ಓಡಿಸಿ ನಿವೃತ್ತಳಾದವಳು. ಊರೂರು ಸುತ್ತುವ ಆಸೆಯಿಂದ ಹಳೆಯ ಬ್ರೆಡ್ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಸ್ಟೀಲ್ ಸಿಂಕು, ಬ್ಯಾಟರಿ, ಇನ್ವರ್ಟರ್ ಕೂರಿಸಿ ಮನೆ ಮಾಡಿಕೊಂಡಳು. ವೈರಿಂಗ್ ಅಣ್ಣನದಲ್ಲದೆ ಇನ್ಯಾರದು? ಮನೆಯಲ್ಲಾದರೆ ಅರ್ತಿಂಗ್ ವೈರನ್ನು ನೆಲಕ್ಕಿಳಿಸಬೇಕು. ರಬ್ಬರ್ ಟೈರಿನ ಮೇಲೆ ನಿಂತ ವ್ಯಾನಿಗೆ ಅದರ ಅಡಿಯ ಲೋಹದ ಚೌಕಟ್ಟು, ಅಂದರೆ ಚಾಸಿಯೇ ನೆಲ. ಅಷ್ಟು ಅವನಿಗೂ ಗೊತ್ತಿತ್ತು. ಇನ್ವರ್ಟರಿನಿಂದ ದಪ್ಪ ಹಸಿರು ವೈರು ತಂದು ಚಾಸಿಗೆ ಬೋಲ್ಟ್ ಹಾಕಿ ಬಿಗಿದ. ಆದರೆ ತಂಗಿ ಮೂರು ದಿನ ಬೆನ್ನು ಬಗ್ಗಿಸಿ ಬಳಿದ ಹೊಸ ಬಣ್ಣವನ್ನು ಕೆರೆಯಲು ಮನಸ್ಸು ಬರಲಿಲ್ಲ. ಬೋಲ್ಟು ಬಣ್ಣದ ಮೇಲೇ ಕೂತಿತು. ಬಣ್ಣ ಕರೆಂಟನ್ನು ದಾಟಗೊಡುವುದಿಲ್ಲ; ಹಾಗೆ ಕೂತ ಅರ್ತಿಂಗ್ ಇದ್ದೂ ಇಲ್ಲದ ಹಾಗೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ತಂಗಿ ನೀರು ಕಾಯಿಸಲು ಹೋದಳು. ಒಂದು ಕೈ ಕೆಟಲ್ ಮೇಲೆ, ಇನ್ನೊಂದು ಸಿಂಕಿನ ಮೇಲೆ.

"ಅಣ್ಣಾ, ಜುಮ್ ಅಂತು!"

ಅವನು ಬಂದು ಎರಡನ್ನೂ ಮುಟ್ಟಿದ. ಏನೂ ಅನ್ನಿಸಲಿಲ್ಲ.

"ಏನೂ ಇಲ್ಲ ಕಣೇ. ನಿನ್ನ ಭ್ರಮೆ."

"ನೀನು ಇಲ್ಲ ಅಂದ್ರೆ ಇಲ್ಲ ಬಿಡು," ಎಂದ ತಂಗಿ ಕೈ ತೊಳೆದು, ಒದ್ದೆ ಕೈಯನ್ನೇ ಮತ್ತೆ ಕೆಟಲಿನತ್ತ ಚಾಚಿದಳು.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಸಕ್ಕರೆ ಕಾಯಿಲೆಯಿಂದ ಅವು ಮರಗಟ್ಟಿದ್ದವು. ಮೊನ್ನೆ ಕಾದ ಸೋಲ್ಡರಿಂಗ್ ಐರನ್ ತಾಗಿದಾಗ ಚರ್ಮ ಸುಟ್ಟ ವಾಸನೆಯಿಂದ ಗೊತ್ತಾಗಿತ್ತು, ನೋವಿನಿಂದಲ್ಲ. ಆ ಕೈ ಅವನಿಗೇ ಕೈಕೊಟ್ಟಿತ್ತು. ಹೆಂಡತಿಗೂ ಹೇಳಿರಲಿಲ್ಲ.

"ಮುಟ್ಟಬೇಡ!" ಎಂದು ಕಿರುಚಿ ಇನ್ವರ್ಟರ್ ಆರಿಸಿದ.

"ಏನಾಯ್ತು ಅಣ್ಣಾ?"

"ನಂಗೆ ಗೊತ್ತಾಗಲ್ಲ ಕಣೇ. ಕೈ ಸತ್ತುಹೋಗಿ ಎರಡು ವರ್ಷ ಆಯ್ತು."

ತಂಗಿ ಅವನ ಬೆರಳುಗಳನ್ನು ಒಂದೊಂದಾಗಿ ಚಿವುಟಿ ನೋಡಿದಳು. ಒಂದಕ್ಕೂ ಅವನು ಹಾ ಎನ್ನಲಿಲ್ಲ. ಅವಳಿಗೆ ಅಳು ಬಂತು, ಅವನಿಗೆ ನಾಚಿಕೆಯಾಯಿತು.

ಪಕ್ಕದ ಗ್ಯಾರೇಜಿನಿಂದ ಕರೆಂಟ್ ಅಳೆಯುವ ಮೀಟರ್ ತಂದರು. ಅವನು ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಬಣ್ಣ ಉಜ್ಜಿ, ಮತ್ತೆ ಬಿಗಿದ. ಕರೆಂಟ್ ವಾಪಸಾಗುವ ನ್ಯೂಟ್ರಲ್ ವೈರು ಒಂದೇ ಕಡೆ ಚಾಸಿಗೆ ಸೇರಿದೆಯೇ ಎಂದು ನೋಡಿದ. ಕರೆಂಟ್ ಸೋರಿದರೆ ತಾನೇ ಕಡಿದುಕೊಳ್ಳುವ ಬ್ರೇಕರನ್ನೂ ಹಾಕಿದ. ಅದೇ ಕೆಟಲ್ ಹಚ್ಚಿದ ಕೂಡಲೇ ಬ್ರೇಕರ್ ಟಕ್ಕೆಂದು ಬಿತ್ತು. ಕರೆಂಟ್ ಸೋರುತ್ತಿದ್ದ ಆ ಕೆಟಲನ್ನು ಎಸೆದರು.

"ಎರಡು ವರ್ಷ ಅಂದ್ಯಲ್ಲ," ತಂಗಿ ಕೇಳಿದಳು, "ಎಷ್ಟು ಮನೇಲಿ ಹೀಗೇ ಮುಟ್ಟಿ ಏನೂ ಇಲ್ಲ ಅಂದಿದ್ದೀಯ?"

ಅವನು ಬೆರಳು ಮಡಿಸುತ್ತಾ ಎಣಿಸಿದ. ಒಂದೊಂದೇ ಮನೆ ನೆನಪಿಗೆ ಬರತೊಡಗಿತು.

ಮರುದಿನ ಬೆಳಿಗ್ಗೆ ವ್ಯಾನು ದೂರದೂರಿಗೆ ಹೋಗಲಿಲ್ಲ, ಹಿಂದಿನ ಬೀದಿಗೆ ಹೋಯಿತು. ತಂಗಿ ಓಡಿಸಿದಳು. ಅವನು ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೊದಲ ಮನೆಯ ಬಾಗಿಲು ತೆರೆದ ಹೆಂಗಸಿನ ಹಿಂದೆ, ಒಳಗೆ ಬಚ್ಚಲಿನಲ್ಲಿ ಮಗುವೊಂದು ನೀರಾಡುವ ಸದ್ದು ಕೇಳುತ್ತಿತ್ತು.

"ನಿಮ್ಮ ಗೀಸರ್ ಇನ್ನೊಂದ್ಸಲ ನೋಡ್ಬೇಕಿತ್ತಮ್ಮ."

"ಅವತ್ತೇ ನೀವು ಮುಟ್ಟಿ ನೋಡಿದ್ರಲ್ಲ ಅಣ್ಣಾ, ಸಾಕಲ್ವಾ?" ಅವಳು ನಕ್ಕಳು.

"ಸಾಲದಮ್ಮ," ಎಂದ ಅವನು. "ಮೊದಲು ಮಗೂನ ಈಚೆ ಕರ್ಕೊಳ್ಳಿ."