ಲಂಡನ್ ಡ್ರೈ ಆಗದ ಎರಡು ಸಾವಿರ ಲೀಟರ್

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಎಲ್ಲರೂ ಮೂಗು ಮೇಡಂ ಎಂದೇ ಕರೆಯುತ್ತಿದ್ದ ರುಚಿ ಪರೀಕ್ಷಕಿ ಮದ್ಯದ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ನಿಂತು ಸ್ಟೀಲ್ ಬೇಸಿನ್ನಿಗೆ ಜಿನ್ ಉಗುಳುತ್ತಿದ್ದರು. ಅದು ಆ ದಿನದ ಏಳನೆಯ ಉಗುಳು. ಮೂವತ್ತೊಂದು ವರ್ಷದಿಂದ ಅವರಿಗೆ ಸಂಬಳ ಬರುತ್ತಿದ್ದುದೇ ಇದಕ್ಕೆ. ತಿಂಡಿಯ ರುಚಿ ನಾಲಿಗೆಯಿಂದ ಹೋಗಿರಬೇಕು, ಊಟದ ಹಸಿವು ಹೊಟ್ಟೆಗೆ ಬಂದಿರಬಾರದು. ನಡುವಿನ ಆ ಒಂದು ಗಂಟೆಯಲ್ಲಿ ಮಾತ್ರ ನಾಲಿಗೆ ನಿಜ ಹೇಳುತ್ತದೆ ಎಂಬುದು ಅವರ ಲೆಕ್ಕ. ಜಿನ್ನಿಗೆ ಅಷ್ಟೇ ನೀರು ಬೆರೆಸುವುದು, ಮೂಸುವುದು, ಬಾಯಲ್ಲಿಟ್ಟು ಹತ್ತು ಎಣಿಸುವುದು, ಉಗುಳುವುದು, ಬರೆಯುವುದು. ನುಂಗುವ ಹಂತ ಅವರ ವಿಧಾನದಲ್ಲೇ ಇರಲಿಲ್ಲ.

ನೆಂಟರು ಇದನ್ನು ನಂಬುತ್ತಿರಲಿಲ್ಲ. "ಕುಡಿದು ಸಂಬಳ ಹಾಳು ಮಾಡೋರನ್ನ ನೋಡಿದ್ದೀವಿ. ನಮ್ಮ ಅತ್ತಿಗೆಗೆ ಕುಡಿಯೋದಕ್ಕೇ ಸಂಬಳ!" ಎಂದು ನಾದಿನಿ ನಾಲ್ಕು ಜನ ಸೇರಿದ ಕಡೆಯೆಲ್ಲ ಡಂಗುರ ಸಾರುತ್ತಿದ್ದಳು. ಹೊಲಿಗೆ ಅಂಗಡಿ ಇಟ್ಟಿದ್ದ ಗಂಡ, "ನಾನು ಹೊಲಿದು ತರೋದಕ್ಕಿಂತ ಅವಳು ಉಗುಳಿ ತರೋದು ಜಾಸ್ತಿ ಕಣೇ, ಸುಮ್ನಿರು" ಎಂದು ತಂಗಿಯ ಬಾಯಿ ಮುಚ್ಚಿಸುತ್ತಿದ್ದರು.

ಕೆಲಸಕ್ಕೆ ಸೇರಿದಾಗ ಮೇಡಂ ಬಳಿ ರಸಾಯನಶಾಸ್ತ್ರದ ಪದವಿ ಇತ್ತು, ಜಿನ್ ಎಂದರೆ ಒಂದೇ ಎಂಬ ಅಜ್ಞಾನವೂ ಇತ್ತು. ಆಮೇಲೆ ತಿಳಿಯಿತು, ಇದು ತುಂಬು ಸಂಸಾರ. ಹೊಸದಾಗಿ ಸೇರಿದವರಿಗೆ ಅವರು ಪಾಠ ಹೇಳುತ್ತಿದ್ದುದೂ ಹಾಗೆಯೇ. "ಎಲ್ಲರ ಮೈಯಲ್ಲೂ ಜುನಿಪರ್ ಅನ್ನೋ ಘಮಘಮ ಕಾಯಿಯ ರಕ್ತ, ಬುದ್ಧಿ ಮಾತ್ರ ಬೇರೆ ಬೇರೆ. ಡಚ್ಚರ ಯೆನೇವರ್ ಮುತ್ತಜ್ಜ. ಮೊಳಕೆ ಧಾನ್ಯದ ವಾಸನೆ, ಜೊತೆಗೆ ಹಿರಿಯ ಅನ್ನೋ ಗತ್ತು. ನೇವಿ ಸ್ಟ್ರೆಂತ್ ಮುಂಗೋಪಿ ದೊಡ್ಡಪ್ಪ, ನೂರರಲ್ಲಿ ಐವತ್ತೇಳು ಪಾಲು ಬರೀ ಮದ್ಯಸಾರ. ಸ್ಲೋ ಜಿನ್ ಕಾಡು ಪ್ಲಮ್ಮಿನ ಕೆಂಪು ಬಳ್ಕೊಂಡ ಚಿಕ್ಕಮ್ಮ. ಓಲ್ಡ್ ಟಾಮ್ ತುಸು ಸಕ್ಕರೆ ಬೆರೆತ, ಸಿಹಿ ಮಾತಿನ ಸೋದರಮಾವ. ಲಂಡನ್ ಡ್ರೈ ಇದೆಯಲ್ಲ, ಅದು ಹೆಡ್ಮಾಸ್ಟರ್. ಬಟ್ಟಿ ಇಳಿದ ಮೇಲೆ ನೀರು, ಶುದ್ಧ ಸ್ಪಿರಿಟ್ಟು ಬಿಟ್ಟರೆ ಏನನ್ನೂ ಹತ್ತಿರ ಸೇರಿಸಲ್ಲ. ಸಕ್ಕರೆ ಲೀಟರಿಗೆ ಪಾಯಿಂಟ್ ಒಂದು ಗ್ರಾಂ ದಾಟಿದ್ರೆ ಹೆಸರೇ ಕಟ್. ಲಂಡನ್ನಿನಲ್ಲೇ ಮಾಡ್ಬೇಕು ಅಂತೇನೂ ಇಲ್ಲ, ಶಿಸ್ತಿದ್ರೆ ನಮ್ಮ ಹಿತ್ತಿಲಲ್ಲೂ ಆಗುತ್ತೆ."

ಎಂಟನೆಯ ಲೋಟ ಹೊಸ ತೊಟ್ಟಿಯದು. ಎರಡು ಸಾವಿರ ಲೀಟರ್ ಸರಕು. ಉಗುಳಿದ ಮೇಲೂ ವಸಡಿನ ಮೇಲೆ ಸಿಹಿ ಕೂತೇ ಇತ್ತು. ಮೇಡಂ ಹುಬ್ಬು ಗಂಟಿಕ್ಕುವಷ್ಟರಲ್ಲಿ ಕಾರ್ಖಾನೆಯ ಯಜಮಾನರು ಸೇಲ್ಸ್ ಮ್ಯಾನೇಜರನ ಜೊತೆ ಒಳಗೆ ಬಂದರು. ಕೈಯಲ್ಲಿ ಎರಡು ಕಾಗದ. ಒಂದು, ಈ ತೊಟ್ಟಿಯಲ್ಲಿರುವುದು ಲಂಡನ್ ಡ್ರೈ ಎಂದು ಮೇಡಂ ಸಹಿ ಹಾಕಬೇಕಾದ ಪ್ರಮಾಣಪತ್ರ. ಇನ್ನೊಂದು, ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಮೇಡಂ ಅವರನ್ನು ಎರಡು ವರ್ಷ ಮುಂದುವರಿಸುವ ಪತ್ರ. ಅದಕ್ಕೆ ಯಜಮಾನರ ಸಹಿ ಬೀಳಬೇಕಿತ್ತು. ಆ ಎರಡು ವರ್ಷ ಮೇಡಂಗೆ ಬೇಕೇಬೇಕಿತ್ತು. ಈ ಬಾಟಲಿಗಳ ಸಾಲು ಬಿಟ್ಟು ಮನೆಯಲ್ಲಿ ಕೂತರೆ ಇಂಥ ಮೂಗಿಗೆ ಸಿಗುವುದು ಗಂಡನ ಕಾಲುಚೀಲ ಮಾತ್ರ.

"ಸಕ್ಕರೆ ಹಾಕಿಸಿದ್ದೀರಾ ಸಾರ್?"

"ಒಂದೆರಡು ಹಿಡಿ ಮೇಡಂ, ಗಂಟಲಿಗೆ ನಯವಾಗಿರ್ಲಿ ಅಂತ. ನಿಯಮದ ಒಳಗೇ ಇದೆ. ಲೇಬಲ್ಲೂ ಪ್ರಿಂಟಾಗಿ ಬಂದಾಯ್ತು."

"ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೆ ಗತಿ ಇಲ್ಲ ಅನ್ನೋ ಹಾಗಾಯ್ತು. ಇದು ಓಲ್ಡ್ ಟಾಮ್ ಸಾರ್. ಹಾಗಂತ ಬರೀರಿ, ಈಗಲೇ ಸಹಿ ಹಾಕ್ತೀನಿ."

"ಟಾಮ್ ಅಂದ್ರೆ ಗಂಡು ಬೆಕ್ಕಲ್ವೇನ್ರೀ? ನನ್ನ ಜಿನ್ನಿಗೆ ಬೆಕ್ಕಿನ ಹೆಸರಾ?"

ಸೇಲ್ಸ್ ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ಇವರ ನಾಲಿಗೆ ಹೇಳಿದ್ದೆಲ್ಲ ವೇದವಾಕ್ಯ ಏನು ಸಾರ್? ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡೋಣ."

"ಕಟ್ಟಿ. ಆದ್ರೆ ನೀವು ದೂರ ನಿಲ್ಲಿ, ನಿಮ್ಮ ಸೆಂಟು ಮೂಗಿಗೆ ಅಡ್ಡ ಬರುತ್ತೆ."

ಕಪಾಟಿನಲ್ಲಿದ್ದ ದೇಶವಿದೇಶದ ಮಾದರಿಗಳಿಂದ ಅವನು ಐದು ಲೋಟ ಸುರಿದಿಟ್ಟ. ಮೊದಲನೆಯದಕ್ಕೆ ಮೇಡಂ "ಯೆನೇವರ್" ಎಂದರು, ಎರಡನೆಯದಕ್ಕೆ "ಸ್ಲೋ". ಮೂರನೆಯದನ್ನು ಉಗುಳಿ, "ನೇವಿ. ಒಂದು ಸಲ್ಯೂಟ್ ಹೊಡೆದೇ ಉಗುಳ್ಬೇಕು ಇದನ್ನ" ಎಂದರು. ನಾಲ್ಕನೆಯದು? "ಜರ್ಮನ್ನರ ಸ್ಟೈನ್‌ಹೇಗರ್. ಜುನಿಪರ್ ಬಿಟ್ಟು ಬೇರೆ ನೆಂಟರಿಗೆ ಬಾಗಿಲೇ ತೆಗೆಯಲ್ಲ." ಐದನೆಯದಕ್ಕೆ ತುಸು ತಡೆದು, "ಪ್ಲಿಮತ್, ಇಂಗ್ಲೆಂಡಿನ ಬಂದರಿನದು" ಎಂದರು.

"ತಪ್ಪು!" ಮ್ಯಾನೇಜರ್ ಕುಣಿದೇಬಿಟ್ಟ. "ಇದು ಮಹೋನ್, ಸ್ಪೇನಿನ ದ್ವೀಪದ್ದು! ಇಂಥ ನಾಲಿಗೆ ನಂಬ್ಕೊಂಡು ಎರಡು ಸಾವಿರ ಲೀಟರ್ ತಡೀಬೇಕಾ ಸಾರ್?"

ಮೇಡಂ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಪುಸ್ತಕದಲ್ಲಿ "ಐದಕ್ಕೆ ನಾಲ್ಕು" ಎಂದು ಬರೆದು ಕೆಳಗೆ ಗೆರೆ ಎಳೆದರು.

"ಮಾತು ನ್ಯಾಯವಾಗಿದೆ. ನಾಲಿಗೆ ಬೇಡ, ತಕ್ಕಡಿ ಇದೆಯಲ್ಲ."

ಖಾಲಿ ಬಟ್ಟಲನ್ನು ತೂಗಿದರು. ಅದಕ್ಕೆ ತೊಟ್ಟಿಯ ಜಿನ್ ನೂರು ಮಿಲಿಲೀಟರ್ ಸುರಿದು, ಕುದಿಯುವ ನೀರಿನ ಹಬೆಯ ಮೇಲಿಟ್ಟರು. ಮದ್ಯಸಾರ ಹಾರುತ್ತದೆ, ನೀರೂ ಹಾರುತ್ತದೆ, ಸಕ್ಕರೆಗೆ ರೆಕ್ಕೆ ಇಲ್ಲ. ಮೂವರೂ ಬಟ್ಟಲಿನ ಸುತ್ತ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ, ಎರಡು ಗಂಟೆ ಕೂತರು. ತಳದಲ್ಲಿ ಉಳಿದ ಅಂಟನ್ನು ಒಣಗಿಸಿ, ಆರಿಸಿ, ಮೇಡಂ ಬಟ್ಟಲನ್ನು ಮತ್ತೆ ತಕ್ಕಡಿಗೆ ಏರಿಸಿದರು. ಅಂಕಿ ಅವರಿಗೆ ಮಾತ್ರ ಕಾಣುತ್ತಿತ್ತು.

ಯಜಮಾನರು ಪೆನ್ನಿನ ಮುಚ್ಚಳ ತೆಗೆದರು. ದನಿ ತಗ್ಗಿತು. "ಪಾಯಿಂಟ್ ಒಂದು ಅಂತ ಓದ್ಬಿಡಿ ಮೇಡಂ. ನಿಮ್ಮ ಕಾಗದಕ್ಕೆ ಇಲ್ಲೇ ಸಹಿ ಹಾಕ್ತೀನಿ. ಎರಡೇನು, ಮೂರು ವರ್ಷ ಅಂತಲೇ ಬರೀತೀನಿ."

ಮೇಡಂ ಗುಣಾಕಾರ ಮಾಡಿ ಗಟ್ಟಿಯಾಗಿ ಓದಿದರು. ಮುಚ್ಚಳ ಮತ್ತೆ ಪೆನ್ನಿನ ಮೇಲೆ ಕೂತಿತು.

ಲೇಬಲ್ಲುಗಳು ರದ್ದಿಗೆ ಹೋದವು. ಎರಡು ಸಾವಿರ ಲೀಟರೂ ಓಲ್ಡ್ ಟಾಮ್ ಆಗಿ, ಮೀಸೆ ತಿರುವುವ ಬೆಕ್ಕಿನ ಚಿತ್ರದೊಂದಿಗೆ ಆರೇ ವಾರದಲ್ಲಿ ಮಾರಾಟವಾಯಿತು. ಬೆಕ್ಕಿನ ಐಡಿಯಾಕ್ಕಾಗಿ ಸೇಲ್ಸ್ ಮ್ಯಾನೇಜರನಿಗೆ ಬಡ್ತಿ ಸಿಕ್ಕಿತು. ಮೇಡಂ ತಿಂಗಳ ಕೊನೆಗೆ ಮನೆಗೆ ಹೋದರು. ಈಗ ಹೊಲಿಗೆ ಅಂಗಡಿಯಲ್ಲಿ ಕೂತು, ಗಿರಾಕಿಗಳು ತಂದ ಬಟ್ಟೆಯನ್ನೆಲ್ಲ ಮೂಸಿ ನೋಡಿ ಅವರಿಗೆ ಮುಜುಗರ ಮಾಡುತ್ತಾರೆ.

"ಒಂದು ಸುಳ್ಳು ಓದಿದ್ರೆ ಮೂರು ವರ್ಷ ಸಿಗ್ತಿತ್ತಲ್ಲ ಅತ್ತಿಗೆ, ಅಂಥದ್ದೇನು ಕಂಡಿತ್ತು ಆ ತಕ್ಕಡೀಲಿ?" ಎಂದು ನಾದಿನಿ ಇಂದಿಗೂ ಕೆಣಕುತ್ತಾಳೆ. ಆ ದಿನ ತೆರೆದ ಪೆನ್ನಿನ ಎದುರು ಓದಿದ್ದನ್ನೇ ಮೇಡಂ ಅವಳಿಗೂ ಓದುತ್ತಾರೆ:

"ಲೀಟರಿಗೆ ನಾಲ್ಕು ಪಾಯಿಂಟ್ ಎರಡು ಗ್ರಾಂ."